ಬರುವುದಾದರೆ ಎಲ್ಲರೂ ಒಂದೇ ದಿನ ಬರೋಣ

ಮಾನ್ಯ ಸಂಪಾದಕರೇ,

ಐಟಿಯವರು ಮನೆಯಲ್ಲಿ ಕೂತು ಮೈಗಳ್ಳರಾಗಿದ್ದಾರೆ, ಕಚೇರಿಗೆ ಬನ್ನಿ ಅಂದರೆ ಮೂಗೆಳೆಯುತ್ತಾರೆ ಎಂದು ಇದೇ ವಿಭಾಗದಲ್ಲಿ ಹಿರಿಯ ಓದುಗರೊಬ್ಬರು ಬರೆದಿದ್ದರು. ಅದಕ್ಕೆ ಇನ್ನೊಬ್ಬರು, ಮನೆಯಿಂದಲೇ ಎಲ್ಲ ಆಗುತ್ತೆ, ಕಚೇರಿ ಯಾರಿಗೆ ಬೇಕು ಎಂದು ಉತ್ತರ ಕೊಟ್ಟರು. ಎರಡೂ ಪತ್ರ ಓದಿದೆ. ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸದಲ್ಲಿ ಇದ್ದೇನೆ, ಈಗ ಒಂಬತ್ತು ಜನರ ಒಂದು ಸಣ್ಣ ತಂಡ ನೋಡಿಕೊಳ್ಳುತ್ತೇನೆ. ಮನೆಯೋ ಕಚೇರಿಯೋ ಎಂಬ ಈ ಜಗಳದಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಯಾವ ದಿನ?

ನನ್ನ ಒಂದು ಮಂಗಳವಾರ ಹೇಗಿತ್ತು ಅಂತ ಹೇಳುತ್ತೇನೆ. ಬೆಳಿಗ್ಗೆ ಕೆಂಗೇರಿಯಲ್ಲಿ ಮೆಟ್ರೊ ಹತ್ತಿ, ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ಕೆ.ಆರ್. ಪುರದಲ್ಲಿ ಇಳಿದು, ಹೊರ ವರ್ತುಲ ರಸ್ತೆಯ ಬಸ್ಸಿಗೆ ಕಾದು, ನಿಂತುಕೊಂಡೇ ಹೋಗಿ ಕಾರ್ಡ್ ಸ್ವೈಪ್ ಮಾಡುವ ಹೊತ್ತಿಗೆ ಎರಡು ಗಂಟೆ ಆಗಿತ್ತು. ನಮ್ಮ ಒಂಬತ್ತು ಜನರಲ್ಲಿ ಇಬ್ಬರು ಪುಣೆಯಲ್ಲಿದ್ದಾರೆ, ಒಬ್ಬ ಹುಬ್ಬಳ್ಳಿಯಲ್ಲಿ, ಒಬ್ಬಳು ಕೊಯಮತ್ತೂರಿನಲ್ಲಿ. ಬೆಂಗಳೂರಿನಲ್ಲಿ ಇರುವ ಐವರಲ್ಲಿ ಅವತ್ತು ಬಂದಿದ್ದು ನಾನು ಮತ್ತು ಇನ್ನೊಬ್ಬ. ಸೀಟನ್ನು ಆ್ಯಪ್‌ನಲ್ಲಿ ಬುಕ್ ಮಾಡಬೇಕು. ನನಗೆ ಸಿಕ್ಕಿದ್ದು ನಾಲ್ಕನೇ ಮಹಡಿ, ಅವನಿಗೆ ಆರನೆಯದು. ಹತ್ತು ಗಂಟೆಗೆ ತಂಡದ ಮೀಟಿಂಗ್. ಇಬ್ಬರೂ ನಮ್ಮ ನಮ್ಮ ಮಹಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತೆವು. ನನ್ನ ಎಡಕ್ಕೆ, ಬಲಕ್ಕೆ ಕೂತಿದ್ದವರು ಬೇರೆ ಪ್ರಾಜೆಕ್ಟಿನವರು, ಅವರೂ ಹಾಗೆಯೇ ಹೆಡ್‌ಫೋನ್ ಹಾಕಿಕೊಂಡು ಪರದೆಯ ಜೊತೆ ಮಾತಾಡುತ್ತಿದ್ದರು. ಸಂಜೆ ಮನೆಗೆ ಬಂದಾಗ ಅತ್ತೆ ಕೇಳಿದರು, ಇವತ್ತು ಆಫೀಸಲ್ಲಿ ಯಾರ್ಯಾರು ಸಿಕ್ಕಿದ್ದರು ಅಂತ. ಯೋಚನೆ ಮಾಡಿದೆ. ಮುಖ ನೋಡಿ ಮಾತಾಡಿದ್ದು ಕ್ಯಾಂಟೀನಿನ ಹುಡುಗನ ಜೊತೆ ಮಾತ್ರ.

ಇದನ್ನು ಹೈಬ್ರಿಡ್ ಅನ್ನುತ್ತಾರೆ. ವಾರಕ್ಕೆ ಮೂರು ದಿನ ಕಚೇರಿಗೆ ಬರಬೇಕು, ಉಳಿದ ದಿನ ಮನೆಯಿಂದ ಕೆಲಸ, ಯಾವ ಮೂರು ದಿನ ಅನ್ನುವುದು ನಿಮಗೆ ಬಿಟ್ಟಿದ್ದು. ಕೇಳುವುದಕ್ಕೆ ಎಷ್ಟು ಚಂದ ಅಲ್ವಾ? ಆದರೆ ಎಲ್ಲರಿಗೂ ಬಿಟ್ಟರೆ ಏನಾಗುತ್ತೆ? ಒಬ್ಬರು ಸೋಮವಾರ ಬಂದು ಇನ್ನೊಬ್ಬರು ಗುರುವಾರ ಬರುತ್ತಾರೆ, ಇಬ್ಬರ ಹಾಜರಿಯೂ ಸರಿಯಾಗಿರುತ್ತೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಆರು ತಿಂಗಳಾಗಿರುತ್ತೆ. ಕೆಲವರು ಇನ್ನೂ ಜಾಣರು. ಬೆಳಿಗ್ಗೆ ಬಂದು, ಕಾರ್ಡ್ ತೋರಿಸಿ, ಕಾಫಿ ಕುಡಿದು, ಹನ್ನೊಂದಕ್ಕೆ ಮನೆ ಕಡೆ ಹೊರಟುಬಿಡುತ್ತಾರೆ. ಅವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಗೇಟಿನ ಯಂತ್ರ ಎಣಿಸುವುದು ಬಂದವರನ್ನು ತಾನೇ, ಅವರು ಕೊಟ್ಟಿದ್ದೂ ಅದನ್ನೇ.

ಮನೆಯಿಂದ ಕೆಲಸ ನಾವು ಕೇಳಿ ಪಡೆದದ್ದಲ್ಲ ಅನ್ನುವುದನ್ನೂ ಸ್ವಲ್ಪ ನೆನಪು ಮಾಡಿಕೊಳ್ಳಬೇಕು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹೊರಟವರು ನಾವು. ನಾನು ಮುಂದೆ ಸಾಗರದ ಹತ್ತಿರದ ತವರಿಗೆ ಹೋದೆ, ಅಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ತೋಟದ ಮೇಲಿನ ಗುಡ್ಡದಲ್ಲಿ, ಮಳೆಗಾಲದಲ್ಲಿ ತಗಡಿನ ಶೆಡ್ಡಿನ ಕೆಳಗೆ ಕೂತು ಅಮೆರಿಕದ ಗ್ರಾಹಕರ ಜೊತೆ ಮಾತಾಡಿದ್ದೇನೆ, ಅವರು ಅದೇನು ಸದ್ದು ಅಂದರೆ ಮಳೆ ಅನ್ನುತ್ತಿದ್ದೆ, ಮೂರು ತಿಂಗಳೂ ಅದೇ ಉತ್ತರ. 2021ರ ಆಗಸ್ಟಿನಲ್ಲಿ ನಮ್ಮ ರಾಜ್ಯ ಸರ್ಕಾರವೇ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರ ವರ್ತುಲ ರಸ್ತೆಯಲ್ಲಿ ಮೆಟ್ರೊ ಕೆಲಸ ನಡೆಯುತ್ತಿದೆ, 2022ರ ಡಿಸೆಂಬರ್ ತನಕ ಸಿಬ್ಬಂದಿಯನ್ನು ಮನೆಯಿಂದಲೇ ಕೆಲಸ ಮಾಡಿಸಿ ಎಂದು ಕಂಪನಿಗಳನ್ನು ಕೇಳಿಕೊಂಡಿತ್ತು. 2022ರ ಸೆಪ್ಟೆಂಬರಿನಲ್ಲಿ ಅದೇ ರಸ್ತೆ ನೀರಲ್ಲಿ ಮುಳುಗಿ ಎಂಜಿನಿಯರ್‌ಗಳು ಟ್ರ್ಯಾಕ್ಟರ್ ಹತ್ತಿ ಹೋದ ಫೋಟೊಗಳನ್ನು ನೀವೇ ಛಾಪಿಸಿದ್ದೀರಿ. ದೇಶದ ಅತಿ ದೊಡ್ಡ ಐಟಿ ಕಂಪನಿ ಟಿಸಿಎಸ್, 2025ರ ಹೊತ್ತಿಗೆ ಒಂದು ಸಲಕ್ಕೆ ಕಾಲು ಭಾಗ ಸಿಬ್ಬಂದಿ ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂದು 2020ರಲ್ಲಿ ಹೇಳಿತ್ತು. 2023ರ ಅಕ್ಟೋಬರಿನಿಂದ ವಾರಕ್ಕೆ ಐದೂ ದಿನ ಬನ್ನಿ ಅಂದಿತು. ಹಾಗಾಗಿ ಮೂಗೆಳೆಯುತ್ತಾರೆ ಅನ್ನುವ ಮೊದಲು ನಮ್ಮನ್ನು ಎಷ್ಟು ಸಲ ಆ ಕಡೆ ಈ ಕಡೆ ತಿರುಗಿಸಿದ್ದಾರೆ ಅನ್ನುವುದನ್ನೂ ನೋಡಿ.

ಅಷ್ಟು ಹೇಳಿ, ಕಚೇರಿಯೇ ಬೇಡ ಅನ್ನುವವರ ಕಡೆಗೂ ನಾನಿಲ್ಲ. ಕಾರಣ ಒಬ್ಬಳು ಹುಡುಗಿ.

2021ರಲ್ಲಿ ಚಿತ್ರದುರ್ಗದ ಕಡೆಯ ಹುಡುಗಿಯೊಬ್ಬಳು ನಮ್ಮ ತಂಡಕ್ಕೆ ಸೇರಿದಳು. ಕಾಲೇಜು ಮುಗಿಸಿ ಮೊದಲ ಕೆಲಸ. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಹೋಯಿತು, ಪರಿಚಯ ವಿಡಿಯೊದಲ್ಲಿ ಆಯಿತು. ಒಂದು ವರ್ಷ ನಾನು ಅವಳನ್ನು ನೋಡಿರಲೇ ಇಲ್ಲ. ಕೆಲಸ ನಿಧಾನ, ಮೀಟಿಂಗ್‌ನಲ್ಲಿ ಮಾತೇ ಇಲ್ಲ, ಇವಳಿಗೆ ಆಸಕ್ತಿ ಕಡಿಮೆ ಅಂತ ನಾನೇ ತೀರ್ಮಾನಕ್ಕೆ ಬಂದಿದ್ದೆ. ಕಚೇರಿ ತೆರೆದ ಮೇಲೆ ಒಂದು ದಿನ ಪಕ್ಕದಲ್ಲಿ ಕೂತಳು. ಹತ್ತು ನಿಮಿಷಕ್ಕೆ ಒಂದು ಪ್ರಶ್ನೆ. ಎಲ್ಲ ಒಳ್ಳೆಯ ಪ್ರಶ್ನೆಗಳು. ಇದನ್ನೆಲ್ಲ ಮುಂಚೆ ಯಾಕೆ ಕೇಳಲಿಲ್ಲ ಅಂದೆ. 'ನಿಮಗೆ ಮೆಸೇಜ್ ಹಾಕಬೇಕಿತ್ತು, ನಿಮ್ಮ ಹೆಸರಿನ ಮುಂದೆ ಯಾವಾಗಲೂ ಕೆಂಪು ಚುಕ್ಕೆ ಇರುತ್ತಿತ್ತು, ಬಿಜಿ ಇದ್ದೀರಿ ಅಂತ ಸುಮ್ನೆ ಇದ್ದೆ' ಅಂದಳು. ಒಂದು ಸಣ್ಣ ಸೆಟ್ಟಿಂಗ್ ಗೊತ್ತಾಗದೆ ಎರಡು ದಿನ ಕೂತದ್ದೂ ಇದೆಯಂತೆ. ಪಕ್ಕದಲ್ಲಿದ್ದರೆ ಅವಳ ಮುಖ ನೋಡಿಯೇ ನನಗೆ ಗೊತ್ತಾಗುತ್ತಿತ್ತು. ಆ ಒಂದು ವರ್ಷದ ನಷ್ಟಕ್ಕೆ ಅವಳು ಕಾರಣಳಲ್ಲ, ನಾನು.

ಇದು ನನ್ನೊಬ್ಬಳ ಅನುಭವ ಅಂದುಕೊಳ್ಳಬೇಡಿ. ಅಮೆರಿಕದ ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಎಂಜಿನಿಯರ್‌ಗಳನ್ನು ಮೂವರು ಅರ್ಥಶಾಸ್ತ್ರಜ್ಞೆಯರು ಅಧ್ಯಯನ ಮಾಡಿದ್ದಾರೆ. ಕೊರೊನಾಕ್ಕೆ ಮುಂಚೆ ಅಲ್ಲಿ ಕೆಲವು ತಂಡಗಳು ಒಂದೇ ಕಟ್ಟಡದಲ್ಲಿದ್ದವು, ಕೆಲವು ತಂಡಗಳು ನಡೆದು ಹೋಗುವಷ್ಟು ದೂರದ ಎರಡು ಕಟ್ಟಡಗಳಲ್ಲಿ ಹಂಚಿಹೋಗಿದ್ದವು. ಒಂದೇ ಕಟ್ಟಡದವರಿಗೆ ತಮ್ಮ ಕೋಡ್ ಮೇಲೆ ಶೇ 22ರಷ್ಟು ಜಾಸ್ತಿ ಸಲಹೆ, ಟಿಪ್ಪಣಿ ಸಿಗುತ್ತಿತ್ತು. ಜಾಸ್ತಿ ಲಾಭ ಆಗಿದ್ದು ಹೊಸಬರಿಗೆ. ಆದರೆ ಹೇಳಿಕೊಡುವ ಹಿರಿಯರ ಸ್ವಂತ ಕೆಲಸ ಕಡಿಮೆಯಾಗುತ್ತಿತ್ತು. ನಮ್ಮಲ್ಲಿ ಹಿರಿಯರು ಮನೆಯಲ್ಲಿರೋಣ ಅನ್ನುವುದಕ್ಕೂ ಹೊಸಬರು ಬಾಡಿಗೆ ಕೊಟ್ಟಾದರೂ ಬೆಂಗಳೂರಿಗೆ ಬರುತ್ತೇವೆ ಅನ್ನುವುದಕ್ಕೂ ಇದೇ ಕಾರಣ ಇರಬಹುದು. ಬಂದ ಹೊಸಬರಿಗೆ ಖಾಲಿ ಮಹಡಿ ತೋರಿಸಿದರೆ ಏನು ಬಂತು?

ಅರ್ಧ ಇಲ್ಲಿ, ಅರ್ಧ ಅಲ್ಲಿ ಇದ್ದರೆ ಇನ್ನೊಂದು ತೊಂದರೆ. ಇದನ್ನು ನಾವು ಕಲಿತದ್ದು ಏಟು ತಿಂದು. ಒಂದು ರಿಲೀಸ್‌ಗೆ, ಅಂದರೆ ಹೊಸ ಸಾಫ್ಟ್‌ವೇರ್ ಗ್ರಾಹಕರಿಗೆ ಬಿಡುವುದಕ್ಕೆ, ಎರಡು ದಿನ ಮುಂಚೆ ಕಚೇರಿಗೆ ಬಂದಿದ್ದ ನಾವು ಮೂವರು ಲಿಫ್ಟ್ ಹತ್ತಿರ ನಿಂತು ಒಂದು ಬದಲಾವಣೆ ಮಾತಾಡಿಕೊಂಡೆವು. ಐದೇ ನಿಮಿಷ. ಎಲ್ಲರಿಗೂ ಒಪ್ಪಿಗೆ. ಎಲ್ಲರಿಗೂ ಅಂದರೆ ಮೂವರಿಗೆ. ಹುಬ್ಬಳ್ಳಿಯಲ್ಲಿ ಕೂತಿದ್ದವನಿಗೆ ಯಾರೂ ಹೇಳಲಿಲ್ಲ, ಪ್ರತಿಯೊಬ್ಬರೂ ಇನ್ನೊಬ್ಬರು ಹೇಳಿರುತ್ತಾರೆ ಅಂದುಕೊಂಡೆವು, ಅವನು ಹಳೇ ಪಟ್ಟಿ ಇಟ್ಟುಕೊಂಡೇ ಪರೀಕ್ಷೆ ಮುಗಿಸಿದ. ರಾತ್ರಿ ಹನ್ನೊಂದಕ್ಕೆ ಗ್ರಾಹಕರ ಫೈಲುಗಳು ಅಪ್‌ಲೋಡ್ ಆಗುವುದು ನಿಂತಿತು. ಬೆಳಗಿನ ಜಾವ ಐದರವರೆಗೆ ಕಾಲ್. ಕೊನೆಗೆ ಕಾರಣ ಸಿಕ್ಕಾಗ ಆ ಹುಡುಗ ಕೂಗಾಡಲಿಲ್ಲ, 'ನನಗೆ ಗೊತ್ತಿರಲಿಲ್ಲ ಮೇಡಂ' ಅಂದ, ಅಷ್ಟೇ. ಕೂಗಾಡಿದ್ದರೇ ವಾಸಿ ಇತ್ತು.

ಎಲ್ಲರೂ ಮನೆಯಲ್ಲೇ ಇದ್ದ ದಿನಗಳಲ್ಲಿ ಹೀಗೆ ಆಗಿರಲಿಲ್ಲ. ಆಗ ಎಲ್ಲರೂ ಬರೆಯಲೇಬೇಕಿತ್ತು. ಈಗ ಅರ್ಧ ಜನ ಮಾತಾಡುತ್ತಾರೆ, ಉಳಿದರ್ಧಕ್ಕೆ ಸುದ್ದಿ ಇಲ್ಲ. ಒಬ್ಬರೇ ಒಬ್ಬರು ದೂರದಲ್ಲಿದ್ದರೂ ಇಡೀ ತಂಡವೇ ದೂರದಲ್ಲಿದೆ ಎಂದು ತಿಳಿದು ಬರೆದಿಡಬೇಕು. ಬೇರೆ ದಾರಿ ನನಗೆ ಕಂಡಿಲ್ಲ.

ಬರೆದಿಡುವುದು ಅಂದರೆ ಏನು ಅಂತ ನೋಡಬೇಕಾದರೆ ದೂರ ಹೋಗಬೇಕಿಲ್ಲ, ಕನ್ನಡ ವಿಕಿಪೀಡಿಯ ನೋಡಿ. 2003ರಿಂದ ನಡೆಯುತ್ತಿದೆ. ಅಲ್ಲಿ ಕೆಲಸ ಮಾಡುವವರಲ್ಲಿ ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಆದರೆ ಪ್ರತಿ ಲೇಖನದ ಹಿಂದೆ ಒಂದು ಚರ್ಚೆಯ ಪುಟ ಇದೆ, ಯಾರು ಯಾವ ಸಾಲು ಯಾವಾಗ ತಿದ್ದಿದರು ಅನ್ನುವ ಇತಿಹಾಸ ಇದೆ, ಯಾಕೆ ತಿದ್ದಿದರು ಅನ್ನುವುದಕ್ಕೆ ಒಂದು ಸಾಲು ಬರೆಯುವ ಜಾಗ ಇದೆ. ಎಲ್ಲರಿಗೂ ಸಂಬಂಧಪಟ್ಟ ಮಾತಾಡಲು ಒಂದು ಪುಟ, ಅದಕ್ಕೆ ಅವರು ಇಟ್ಟ ಹೆಸರು ಅರಳಿ ಕಟ್ಟೆ. ನನಗೆ ಆ ಹೆಸರು ತುಂಬಾ ಇಷ್ಟ. ಸಂಬಳ ಇಲ್ಲದವರು ಇಷ್ಟು ಶಿಸ್ತಿನಿಂದ ಬರೆದಿಡುತ್ತಾರೆ, ಸಂಬಳ ತಗೊಳ್ಳುವ ನಾವು 'ಒಂದು ಕ್ವಿಕ್ ಕಾಲ್ ಮಾಡೋಣ' ಅನ್ನುತ್ತೇವೆ. ಲಿಫ್ಟಿನ ಘಟನೆ ಆದಮೇಲೆ ನಾವೂ ಒಂದು ಪುಟ ಇಟ್ಟುಕೊಂಡೆವು. ಏನು ತೀರ್ಮಾನ ಆಯಿತು, ಯಾಕೆ, ಯಾರು ಮಾಡುತ್ತಾರೆ, ಮೂರೇ ಸಾಲು. ಮೊದಲ ತಿಂಗಳು ಎಲ್ಲರೂ ಗೊಣಗಿದರು. ಜಾಸ್ತಿ ಗೊಣಗಿದವಳು ನಾನೇ, ಬರೆಯುವುದು ನನಗೆ ಸೋಮಾರಿತನ. ಈ ಪತ್ರ ಬರೆಯಲೂ ಮೂರು ಭಾನುವಾರ ಬೇಕಾಯಿತು.

ದಿನದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮುಯ್ಯಾಳು ಅಂತ ಇತ್ತು, ಈಗಲೂ ಅಲ್ಲಲ್ಲಿ ಇದೆ. ಇವತ್ತು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮ ತೋಟಕ್ಕೆ ನೀವು. ಅಡಿಕೆ ಕೊಯ್ಲಿನ ದಿನ ಇಡೀ ಕೇರಿ ಒಂದು ಮನೆಯಲ್ಲಿ ಸೇರಿ ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿದ್ದರು. ಕೊಯ್ದ ಹಸಿ ಅಡಿಕೆಯನ್ನು ಜಾಸ್ತಿ ದಿನ ಇಡುವ ಹಾಗಿಲ್ಲ, ಅದಕ್ಕೇ ಅಷ್ಟು ಜನ ಅವತ್ತೇ ಬೇಕು. ಒಣಗಿದ ಅಡಿಕೆ ಆರಿಸುವುದಕ್ಕೆ ಯಾರೂ ಕೇರಿಯನ್ನು ಕರೆಯುತ್ತಿರಲಿಲ್ಲ. ಅದು ಮನೆಯವರು ಬಿಡುವಾದಾಗ ಜಗಲಿಯಲ್ಲಿ ಕೂತು ಮಾಡುವ ಕೆಲಸ. ಯಾವ ಕೆಲಸಕ್ಕೆ ಹತ್ತು ಜನ ಸೇರಬೇಕು, ಯಾವುದಕ್ಕೆ ಒಬ್ಬರು ಸಾಕು ಅನ್ನುವುದು ನಮ್ಮ ಅಜ್ಜಿಗೆ ಗೊತ್ತಿತ್ತು. ಮುಯ್ಯಾಳಿಗೆ ನಾಲ್ಕು ಜನ ಸೋಮವಾರ, ಮೂರು ಜನ ಶುಕ್ರವಾರ ಬಂದರೆ ಅಜ್ಜಿ ಏನನ್ನುತ್ತಿದ್ದರು ಅನ್ನುವುದನ್ನು ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ.

ಹೈಬ್ರಿಡ್ ಚೆನ್ನಾಗಿ ನಡೆಯುತ್ತೆ ಅನ್ನುವುದಕ್ಕೆ ಎಲ್ಲರೂ ಒಂದು ಚೀನಾ ಕಂಪನಿಯ ಉದಾಹರಣೆ ಕೊಡುತ್ತಾರೆ. ಟ್ರಿಪ್ ಡಾಟ್ ಕಾಮ್. ಪ್ರವಾಸದ ಟಿಕೆಟ್, ಹೋಟೆಲ್ ಮಾರುವ ಕಂಪನಿ. ಅಲ್ಲಿ 1,612 ಉದ್ಯೋಗಿಗಳನ್ನು ಹುಟ್ಟಿದ ತಾರೀಕು ಬೆಸವೋ ಸಮವೋ ನೋಡಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಇನ್ನೊಂದಕ್ಕೆ ಐದೂ ದಿನ ಕಚೇರಿ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮನೆಯಿಂದ ಮಾಡಿದವರ ಕೆಲಸದ ಗುಣಮಟ್ಟದಲ್ಲಿ, ಬಡ್ತಿಯಲ್ಲಿ ವ್ಯತ್ಯಾಸ ಇರಲಿಲ್ಲ. ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ನಮ್ಮ ಮ್ಯಾನೇಜರುಗಳು ಇಷ್ಟು ಓದಿ ನಿಲ್ಲಿಸುತ್ತಾರೆ. ಅಲ್ಲಿ ಮನೆಯ ದಿನ ಯಾವುದು ಅಂತ ಮೊದಲೇ ಗೊತ್ತುಮಾಡಿದ್ದರು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಬುಧವಾರ, ಶುಕ್ರವಾರ ಮನೆ. ಸೋಮ, ಮಂಗಳ, ಗುರು ಎಲ್ಲರೂ ಕಚೇರಿ. ನಿಮಗೆ ಇಷ್ಟ ಬಂದ ದಿನ ಅಂತ ಬಿಟ್ಟಿರಲಿಲ್ಲ.

ನಾವು ನಮ್ಮ ಮಟ್ಟಿಗೆ ಬುಧವಾರ ಅಂತ ಇಟ್ಟುಕೊಂಡೆವು. ಬೆಂಗಳೂರಿನ ಐವರೂ ಅವತ್ತು ಬರುತ್ತೇವೆ. ಅವತ್ತು ಸಣ್ಣಪುಟ್ಟ ಮೀಟಿಂಗ್ ಇಲ್ಲ, ಹೊಸಬರಿಗೆ ಹೇಳಿಕೊಡುವುದು, ಜಗಳ ಆಗಬೇಕಾದ ವಿಷಯಗಳನ್ನು ಬೋರ್ಡಿನ ಮುಂದೆ ನಿಂತು ಜಗಳ ಮಾಡಿ ಮುಗಿಸುವುದು, ಒಟ್ಟಿಗೆ ಊಟ. ಸುಲಭ ಇರಲಿಲ್ಲ. ಒಬ್ಬಳಿಗೆ ಸಣ್ಣ ಮಗು, ಬುಧವಾರ ಅವಳ ಅಮ್ಮ ಬರುವುದಕ್ಕಾಗಲ್ಲ, ಹಾಗಾಗಿ ಅವಳು ಹತ್ತೂವರೆಗೆ ಬಂದು ಮೂರಕ್ಕೆ ಹೊರಡುತ್ತಾಳೆ, ಅಷ್ಟೇ ಸಾಕು ಅಂದೆವು. ಇನ್ನೊಂದು ತೊಂದರೆ ಸೀಟು. ಕಂಪನಿ ಖರ್ಚು ಉಳಿಸಲು ಅರ್ಧ ಜನಕ್ಕಾಗುವಷ್ಟೇ ಕುರ್ಚಿ ಇಟ್ಟಿದೆ. ಐದು ಕುರ್ಚಿ ಒಟ್ಟಿಗೆ ಬೇಕು ಅಂದರೆ ಆ್ಯಪ್ ಒಪ್ಪುವುದಿಲ್ಲ, ಸೋಮವಾರ ರಾತ್ರಿ ಹನ್ನೆರಡಕ್ಕೆ ಎದ್ದು ಕೂತು, ತತ್ಕಾಲ್ ಟಿಕೆಟ್ ಹಾಗೆ, ಬುಕ್ ಮಾಡುತ್ತೇವೆ. ಉಳಿದ ಎರಡು ದಿನದ ಹಾಜರಿಗೆ ಈಗಲೂ ಸುಮ್ಮನೆ ಬಂದು ಹೋಗುತ್ತೇವೆ. ಆ ಎರಡು ದಿನ ಬಿಡಿ, ಬದಲಿಗೆ ಮೂರು ತಿಂಗಳಿಗೊಮ್ಮೆ ಪುಣೆ, ಹುಬ್ಬಳ್ಳಿ, ಕೊಯಮತ್ತೂರಿನವರನ್ನು ಎರಡು ದಿನ ಇಲ್ಲಿಗೆ ಕರೆಸಿ ಎಂದು ಮೇಲಿನವರಿಗೆ ಬರೆದಿದ್ದೇನೆ. ಯಾವ ದಿನ ಬರಬೇಕು ಅನ್ನುವುದನ್ನು ತಂಡಕ್ಕೆ ಬಿಡಿ, ಒಬ್ಬೊಬ್ಬರಿಗೆ ಬೇಡ, ಗೇಟಿನ ಯಂತ್ರಕ್ಕೂ ಬೇಡ. ಇಷ್ಟೇ ನಾನು ಕೇಳಿದ್ದು.

ಅವರ ಉತ್ತರ ಇನ್ನೂ ಬಂದಿಲ್ಲ. ಹುಬ್ಬಳ್ಳಿಯ ಹುಡುಗ ಮಾತ್ರ ಕಾಯಲಿಲ್ಲ. ಮುಂದಿನ ಮಂಗಳವಾರ ರಾತ್ರಿಯ ರೈಲಿಗೆ ಸ್ವಂತ ದುಡ್ಡಿನಲ್ಲಿ ಟಿಕೆಟ್ ಮಾಡಿಸಿದ್ದಾನೆ, ಬುಧವಾರಕ್ಕೆ ಆರನೇ ಕುರ್ಚಿ ಹುಡುಕಬೇಕು.

(ಹೆಸರು ಹಾಕಬೇಡಿ, ಗುರುವಾರವೂ ಸ್ವೈಪ್ ಮಾಡಬೇಕು.)

ಒಬ್ಬ ಐಟಿ ಉದ್ಯೋಗಿ
ಕೆಂಗೇರಿ, ಬೆಂಗಳೂರು