ರಿಸೀವರ್ ಕಳಿಸುವ ಸಾಲನ್ನು ಪೂರ್ತಿ ಓದು

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನಿಮ್ಮಮ್ಮ ಫೋನ್ ಮಾಡಿದ್ದರು. ಹೊಸ ಕೆಲಸದಲ್ಲಿ ನಿನಗೆ ಜಿಪಿಎಸ್ ರಿಸೀವರ್‌ನ ಡೇಟಾ ಓದುವ ಕೋಡ್ ಬರೆಯಲು ಕೊಟ್ಟಿದ್ದಾರಂತೆ. ತುಂಬಾ ಖುಷಿಯಾಯಿತು. ಬಹಳ ವರ್ಷ ಅದೇ ಕೆಲಸ ಮಾಡಿದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಈಗ ಎಲ್ಲದಕ್ಕೂ ಲೈಬ್ರರಿ ಸಿಗುತ್ತದೆ. ಬಳಸು, ತಪ್ಪಿಲ್ಲ. ಆದರೆ ಅದಕ್ಕೆ ಕೈ ಹಾಕುವ ಮೊದಲು ಒಂದು ದಿನ ರಿಸೀವರ್ ಕಳಿಸುವ ಸಾಲುಗಳನ್ನು ಸುಮ್ನೆ ಕೂತು ಕಣ್ಣಾರೆ ಓದು. ರಿಸೀವರ್ ಈ ಸಾಲುಗಳನ್ನು ಬರೆಯುವ ಪದ್ಧತಿಯ ಹೆಸರು ಎನ್‌ಎಂಇಎ 0183. ಅದು ಬರಿಗಣ್ಣಿಗೇ ಅರ್ಥವಾಗುವ ಭಾಷೆ. ಡಾಲರ್ ಚಿಹ್ನೆಯಿಂದ ಶುರು, ನಡುವೆ ಕಾಮಾಗಳು, ಕೊನೆಗೆ ನಕ್ಷತ್ರ ಚಿಹ್ನೆ ಮತ್ತು ಚೆಕ್‌ಸಮ್, ಅಂದರೆ ಸಾಲು ದಾರಿಯಲ್ಲಿ ಕೆಟ್ಟಿದೆಯೇ ಅಂತ ತಾಳೆ ನೋಡುವ ಅಂಕಿ. ಒಂದು ಸಾಲು 82 ಅಕ್ಷರ ಮೀರುವುದಿಲ್ಲ. ಮೊದಲು ಹುಟ್ಟಿದ್ದು ಹಡಗಿನ ಉಪಕರಣಗಳಿಗಾಗಿ. ಅದಕ್ಕೇ ಸ್ಥಾನ, ವೇಗ, ಸಮಯ ಹೇಳುವ ಆರ್‌ಎಂಸಿ ಸಾಲಿನಲ್ಲಿ ವೇಗ ಇವತ್ತಿಗೂ ಹಡಗಿನವರ ಅಳತೆಯಾದ ನಾಟ್‌ನಲ್ಲಿ ಬರುತ್ತದೆ. ಕಿಲೋಮೀಟರ್ ಬೇಕಾದರೆ 1.852ರಿಂದ ಗುಣಿಸಬೇಕು.

ನಾನು ಶುರುವಿನಲ್ಲಿ ಮಾಡಿದ ತಪ್ಪು ಹೇಳುತ್ತೇನೆ. ಅಕ್ಷಾಂಶ 4530.0000 ಅಂತ ಬಂದರೆ ಅದು 45 ಡಿಗ್ರಿ 30 ನಿಮಿಷ. ಅಂದರೆ 45.5 ಡಿಗ್ರಿ. ನಾನು ಚುಕ್ಕಿಯನ್ನು ಎರಡು ಸ್ಥಾನ ಸರಿಸಿ 45.30 ಅಂತ ಓದಿದೆ. ವ್ಯತ್ಯಾಸ ಸುಮಾರು 22 ಕಿಲೋಮೀಟರ್! ಇಷ್ಟು ದೊಡ್ಡ ತಪ್ಪು ತಕ್ಷಣ ಗೊತ್ತಾಗಬೇಕಿತ್ತು, ಅಲ್ವಾ? ಗೊತ್ತಾಗಲಿಲ್ಲ. ನಕ್ಷೆಯ ಮೇಲೆ ಹಾಕದೆ ಬರೀ ಗ್ರಾಫ್ ಬಿಡಿಸಿ ನೋಡುತ್ತಿದ್ದೆ. ದಾರಿಯ ಆಕಾರ ಸರಿಯಾಗಿಯೇ ಕಾಣುತ್ತಿತ್ತು. ಪ್ರತಿ ನಿಮಿಷವನ್ನೂ ಡಿಗ್ರಿಯ 60ನೇ ಒಂದು ಭಾಗದ ಬದಲು 100ನೇ ಒಂದು ಭಾಗ ಮಾಡಿದ್ದೆನಲ್ಲ, ಹಾಗಾಗಿ ಎಲ್ಲ ಸಮನಾಗಿ ಕುಗ್ಗಿತ್ತು. ಹತ್ತು ಕಿಲೋಮೀಟರ್ ಓಡಿದರೆ ಆರು ಅಂತ ಬರುತ್ತಿತ್ತು. ರಿಸೀವರ್ ಕೆಟ್ಟಿದೆ ಅಂದುಕೊಂಡು ಆಂಟೆನಾ ಎರಡು ಸಲ ಬದಲಾಯಿಸಿದೆ. ಕೊನೆಗೆ ಅದೇ ಸಾಲಿನ ವೇಗವನ್ನು ಕೂಡಿಸಿ ನೋಡಿದರೆ ಸರಿಯಾಗಿ ಹತ್ತು ಕಿಲೋಮೀಟರ್. ರಿಸೀವರ್ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು. ನಾನು ಅರ್ಧ ಸಾಲು ಮಾತ್ರ ಓದಿದ್ದೆ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ತನಗೆ ಗೊತ್ತಿಲ್ಲದಾಗ ರಿಸೀವರ್ ಅದನ್ನೂ ಹೇಳುತ್ತದೆ. ಆರ್‌ಎಂಸಿಯಲ್ಲಿ 'ಎ' ಇದ್ದರೆ ನಂಬಬಹುದು, 'ವಿ' ಇದ್ದರೆ ನಂಬಬಾರದು. ಸ್ಥಾನದ ಇನ್ನೊಂದು ಸಾಲಾದ ಜಿಜಿಎಯಲ್ಲಿ ಗುಣಮಟ್ಟದ ಅಂಕಿ 0 ಅಂದರೆ ಸ್ಥಾನ ಸಿಕ್ಕಿಲ್ಲ, 1 ಅಂದರೆ ಮಾಮೂಲಿ, 4 ಅಂದರೆ ಆರ್‌ಟಿಕೆ, ಅಂದರೆ ತಿದ್ದುಪಡಿ ಪಡೆದು ಸೆಂಟಿಮೀಟರ್ ಮಟ್ಟಕ್ಕೆ ಸ್ಥಾನ ಹೇಳುವ ವಿಧಾನ. ಕೆಲವು ರಿಸೀವರ್‌ಗಳು ಸಿಗ್ನಲ್ ಹೋದ ಮೇಲೂ ಹಳೆಯ ಸ್ಥಾನವನ್ನೇ 'ವಿ' ಜೊತೆ ಕಳಿಸುತ್ತಿರುತ್ತವೆ. ನೀನು ಅಂಕಿ ಮಾತ್ರ ತೆಗೆದುಕೊಂಡರೆ, ಸುರಂಗದೊಳಗೆ ಓಡುತ್ತಿರುವ ಗಾಡಿ ನಿಂತಿದೆ ಅಂತ ನಿನ್ನ ಕೋಡ್ ಹೇಳುತ್ತದೆ. ಇನ್ನು ಕೆಲವು ಎರಡು ಕಾಮಾಗಳ ನಡುವೆ ಖಾಲಿ ಬಿಡುತ್ತವೆ. ಆ ಖಾಲಿಯನ್ನು ಸೊನ್ನೆ ಅಂತ ಓದಬೇಡ. ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶ ಇರುವುದು ಆಫ್ರಿಕಾದ ಪಶ್ಚಿಮಕ್ಕೆ, ಸಮುದ್ರದ ಮೇಲೆ.

ಸಾಲಿನ ಮೊದಲ ಎರಡು ಅಕ್ಷರ 'ಜಿಪಿ' ಅಂತಲೇ ಇರುತ್ತದೆ ಅಂದುಕೊಳ್ಳಬೇಡ. 'ಜಿಪಿ' ಜಿಪಿಎಸ್‌ಗೆ. ರಷ್ಯಾದ ಉಪಗ್ರಹ ವ್ಯವಸ್ಥೆ ಗ್ಲೋನಾಸ್‌ಗೆ 'ಜಿಎಲ್', ಯುರೋಪಿನ ಗೆಲಿಲಿಯೋಗೆ 'ಜಿಎ', ಹಲವು ವ್ಯವಸ್ಥೆ ಸೇರಿದರೆ 'ಜಿಎನ್'. ಸಾಲಿನ ಬಗೆಯನ್ನು ನಂತರದ ಮೂರು ಅಕ್ಷರದಿಂದ ಗುರುತಿಸು.

ಚೆಕ್‌ಸಮ್ ತಪ್ಪಿದ ಸಾಲನ್ನು ಅನುಮಾನವೇ ಇಲ್ಲದೆ ಬಿಸಾಡು. ಆದರೆ ಸರಿಹೊಂದಿದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಡ. ಅದು ಬರೀ ಎಕ್ಸ್‌ಓಆರ್, ಅಕ್ಷರಗಳ ಬಿಟ್‌ಗಳನ್ನು ಒಂದರ ಮೇಲೊಂದು ಸೇರಿಸುವ ಸರಳ ಲೆಕ್ಕ; ಕ್ರಮ ಬದಲಾದರೂ ಉತ್ತರ ಅದೇ. ಎರಡು ಅಕ್ಷರ ಜಾಗ ಅದಲುಬದಲಾದರೆ ಅದಕ್ಕೆ ತಿಳಿಯುವುದೇ ಇಲ್ಲ.

ಸಾಲುಗಳು ಹರಿಯುವ ವೇಗವನ್ನು ಬಾಡ್‌ನಲ್ಲಿ ಅಳೆಯುತ್ತಾರೆ. 4800 ಬಾಡ್‌ನಲ್ಲಿ ಸೆಕೆಂಡಿಗೆ 480 ಅಕ್ಷರ ಅಷ್ಟೇ ಹೋಗುತ್ತದೆ. ಕಾಣುವ ಉಪಗ್ರಹಗಳನ್ನು ಪಟ್ಟಿ ಮಾಡುವ ಜಿಎಸ್‌ವಿಯ ಒಂದು ಸಾಲಿನಲ್ಲಿ ನಾಲ್ಕೇ ಉಪಗ್ರಹ. ಮೂವತ್ತು ಉಪಗ್ರಹ ಕಂಡರೆ ಆ ಸಾಲುಗಳೇ ಪೈಪನ್ನು ತುಂಬಿಬಿಡುತ್ತವೆ. ಬೇಡದ ಸಾಲು ನಿಲ್ಲಿಸು, ಇಲ್ಲವೇ ಬಾಡ್ ಏರಿಸು. ಸೆಕೆಂಡಿಗೆ ಹತ್ತು ಸಲ ಸ್ಥಾನ ಬೇಕಾದರೆ ಅಕ್ಷರಗಳ ಬದಲು ಯಂತ್ರವೇ ಓದುವ ಬೈನರಿಗೆ ಹೋಗುವುದೇ ವಾಸಿ. ರಿಸೀವರ್ ತಯಾರಿಸುವ ಯು-ಬ್ಲಾಕ್ಸ್ ಕಂಪನಿಯ ಬೈನರಿ ಪದ್ಧತಿಯಾದ ಯುಬಿಎಕ್ಸ್‌ನಲ್ಲಿ ಸ್ಥಾನ, ವೇಗ, ಸಮಯ, ನಿಖರತೆಯ ಅಂದಾಜು ಎಲ್ಲ ಒಂದೇ ಸಂದೇಶದಲ್ಲಿ ಬರುತ್ತವೆ. ನಿಖರತೆಯ ಅಂದಾಜನ್ನು ಕೂಡ ದಾಖಲಿಸಿಕೋ. ಆರ್‌ಟಿಸಿಎಂ ಬೇರೆ ಜಾತಿ. ಅದು ಗೊತ್ತಿರುವ ಜಾಗದಲ್ಲಿ ನೆಟ್ಟ ಬೇಸ್ ಸ್ಟೇಷನ್‌ನಿಂದ ರಿಸೀವರ್ ಒಳಗೆ ಹೋಗುವ ತಿದ್ದುಪಡಿ. ಆರ್‌ಟಿಕೆ ಕೆಲಸ ಬಂದಾಗ ನೋಡಿಕೊಂಡರೆ ಸಾಕು.

ಸಮಯದ ಮೇಲೂ ಒಂದು ಕಣ್ಣಿರಲಿ. 2017ರಿಂದ ಜಿಪಿಎಸ್ ಗಡಿಯಾರ ಲೋಕದ ಅಧಿಕೃತ ಸಮಯವಾದ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಈ ಲೆಕ್ಕ ಉಪಗ್ರಹದಿಂದಲೇ ಬರಬೇಕು. ಉಪಗ್ರಹ ಕಳಿಸುವ ಪೂರ್ತಿ ಸಂದೇಶ ಒಂದು ಸುತ್ತು ಮುಗಿಯಲು ಹನ್ನೆರಡೂವರೆ ನಿಮಿಷ. ಹಾಗಾಗಿ ಆನ್ ಆದ ಹೊಸದರಲ್ಲಿ ಬರುವ ಸಮಯ ತಪ್ಪಿರಬಹುದು, ಅದನ್ನು ಲಾಗ್‌ನಲ್ಲಿ ಗುರುತು ಹಾಕಿಡು.

ಈಗ ಒಂದು ಕೆಲಸ ಮಾಡು. ರಿಸೀವರನ್ನು ಆಫ್ ಮಾಡಿ ಒಂದು ರಾತ್ರಿ ಬಿಡು. ಬೆಳಿಗ್ಗೆ ಕೋಣೆಯೊಳಗೆ ಆನ್ ಮಾಡಿ ಬಯಲಿಗೆ ಒಯ್ದು ಅರ್ಧ ಗಂಟೆ ಕಚ್ಚಾ ಸಾಲುಗಳನ್ನು ಫೈಲಿಗೆ ತುಂಬಿಸು. 'ವಿ' ಯಾವಾಗ 'ಎ' ಆಯಿತು, ಅದಕ್ಕೂ ಮುಂಚೆ ಏನೇನು ಖಾಲಿ ಇತ್ತು ಅಂತ ಬರೆದಿಟ್ಟುಕೋ. ಆ ಫೈಲನ್ನು ನನಗೂ ಕಳಿಸು, ಇಬ್ಬರೂ ಸೇರಿ ಓದೋಣ.

ಇಂತಿ,
ನಿನ್ನ ಚಿಕ್ಕಪ್ಪ