ಹಾಡಿಲ್ಲದ ಆಲ್ಬಂಗೆ ಹಣ ಹಾಕಿದವರಿಗೆ

ಹೋದ ವಾರ ಬೆಂಗಳೂರಿನಿಂದ ಲೆಕ್ಕದ ಹಾಳೆ ಬಂತು. ನನ್ನ ಮೊದಲ ಸೋಲೋ ಆಲ್ಬಂಗೆ ರೆಕಾರ್ಡ್ ಲೇಬಲ್‌ನವರು ಹಾಕಿದ್ದ ದುಡ್ಡೆಲ್ಲ ವಾಪಸ್ ಬಂದಿದೆ. ಇನ್ನು ಮುಂದೆ ಬರುವುದರಲ್ಲಿ ಅರ್ಧ ಅವರಿಗೆ, ಅರ್ಧ ನನಗೆ. ಈ ಸುದ್ದಿಯನ್ನು ನಿಮಗೆಲ್ಲ ಹೇಳಬೇಕು ಅನ್ನಿಸಿತು. ಅದಕ್ಕಿಂತ ಜಾಸ್ತಿ, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ಲೇಬಲ್ ನಡೆಸುವವರು ಇಬ್ಬರು, ಅಣ್ಣ ತಂಗಿ. ನನಗಿಂತ ದೊಡ್ಡವರು, ಹಾಗಾಗಿ ನನಗೆ ಅವರು ಅಣ್ಣ ಮತ್ತು ಅಕ್ಕ. ‘ನಮ್ಮ ಹೆಸರು ಬೇಡ, ಆಲ್ಬಂ ಬಗ್ಗೆ ಬರಿ’ ಅಂದರು. ಹೆಸರು ಬಿಡುತ್ತೇನೆ. ಆದರೆ ಅವರು ಮಾಡಿದ್ದನ್ನು ಬಿಡಲು ಆಗುವುದಿಲ್ಲ.

ಮೊದಲು ಒಂದು ವಿಷಯ. ಹಾಡೇ ಇಲ್ಲದ, ಬರೀ ಗಿಟಾರ್ ಇರುವ ರಾಕ್ ಆಲ್ಬಂಗೆ ಯಾರೂ ಸುಲಭವಾಗಿ ಹಣ ಹಾಕುವುದಿಲ್ಲ. ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದ ಗಿಟಾರಿಸ್ಟ್ ಜೋ ಸ್ಯಾಟ್ರಿಯಾನಿ ತಮ್ಮ ಮೊದಲ ಪೂರ್ಣ ಆಲ್ಬಂ ಮುಗಿಸಿದ್ದು ಕ್ರೆಡಿಟ್ ಕಾರ್ಡ್ ಸಾಲದಲ್ಲಿ. ಅದನ್ನು 1986ರಲ್ಲಿ ರಿಲೇಟಿವಿಟಿ ಎಂಬ ಲೇಬಲ್ ಹೊರತಂದಿತು. ಮರುವರ್ಷವೇ ಅದೇ ಲೇಬಲ್‌ನಿಂದ ಬಂದ ಅವರ ಇನ್ನೊಂದು ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 29ನೇ ಜಾಗಕ್ಕೆ ಏರಿತು. ಮೈಕ್ ವಾರ್ನಿ 1980ರಲ್ಲಿ ಶ್ರಾಪ್ನೆಲ್ ರೆಕಾರ್ಡ್ಸ್ ಎಂಬ ಲೇಬಲ್ ಶುರು ಮಾಡಿದರು. ಮಾರ್ಟಿ ಫ್ರೀಡ್‌ಮನ್, ಜೇಸನ್ ಬೆಕರ್ ಅಂಥ ಹುಡುಗರ ಸೋಲೋ ಆಲ್ಬಂಗಳು 1988ರಲ್ಲಿ ಅಲ್ಲಿಂದಲೇ ಬಂದವು. ಸ್ಟೀವ್ ವಾಯ್ ಅಂತೂ 1999ರಲ್ಲಿ ತಾವೇ ಒಂದು ಲೇಬಲ್ ಕಟ್ಟಿ ಬೇರೆ ಗಿಟಾರಿಸ್ಟ್‌ಗಳಿಗೆ ಜಾಗ ಮಾಡಿಕೊಟ್ಟರು. ನಮ್ಮ ಕಡೆಯದೇ ಉದಾಹರಣೆ ಬೇಕು ಅಂದರೆ ರಘು ದೀಕ್ಷಿತ್ ಇದ್ದಾರೆ. ಅವರದ್ದು ಹಾಡುಗಳ ಆಲ್ಬಂ, ಆದರೂ ಮೊದಲನೆಯದು ಬಂದಿದ್ದು ಹಿಂದಿ ಸಿನಿಮಾ ಸಂಗೀತದ ವಿಶಾಲ್-ಶೇಖರ್ ಜೋಡಿಯ ಕೌಂಟರ್ ಕಲ್ಚರ್ ರೆಕಾರ್ಡ್ಸ್‌ನಿಂದ. ನುಡಿಸುವವನ ಕೈಯಲ್ಲಿ ಎಷ್ಟೇ ವಿದ್ಯೆ ಇರಲಿ, ನಂಬಿ ಹಣ ಹಾಕುವ ಒಬ್ಬರು ಎಲ್ಲೋ ಇರಲೇಬೇಕು. ನನಗೆ ಅವರು ಸಿಕ್ಕರು.

ಸಿಕ್ಕಿದ್ದು ನನ್ನ ಕಷ್ಟದ ಕಾಲದಲ್ಲಿ. ಬೆಂಗಳೂರಿನ ನಮ್ಮ ಬ್ಯಾಂಡ್ ಒಡೆದಿತ್ತು. ಅಪ್ಪನಿಗೆ ಹೃದಯದ ತೊಂದರೆ ಆಗಿ ತೋಟ ನೋಡಿಕೊಳ್ಳಲು ಯಾರೂ ಇರಲಿಲ್ಲ. ಗಿಟಾರು, ಬಟ್ಟೆ ಎಲ್ಲ ಕಟ್ಟಿಕೊಂಡು ಕೊಡಗಿನ ನಾಪೋಕ್ಲು ಕಡೆಯ ನಮ್ಮೂರಿಗೆ ಬಂದೆ. ಹಗಲು ತೋಟ, ಶನಿವಾರ ರಾತ್ರಿ ರೆಸಾರ್ಟ್‌ಗಳಲ್ಲಿ ನುಡಿಸುವುದು. ಅಲ್ಲಿ ಯಾರಿಗೂ ನನ್ನ ಟ್ಯೂನ್ ಬೇಕಿರಲಿಲ್ಲ. ಕೇಳಿದ ಸಿನಿಮಾ ಹಾಡು ನುಡಿಸಬೇಕಿತ್ತು, ನುಡಿಸಿದೆ. ಆ ದುಡ್ಡು ಅಪ್ಪನ ಔಷಧಿಗೆ ಆಯಿತು. ಆ ಕೆಲಸಕ್ಕೂ ನಾನು ಋಣಿ.

ಅದೇ ಹೊತ್ತಿಗೆ ಬೇರೊಂದು ಕಂಪನಿ ನನ್ನ ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಕೇಳಿ ಕರೆದಿತ್ತು. ಎರಡು ಷರತ್ತು ಹಾಕಿದರು. ಎಲ್ಲ ಟ್ಯೂನ್‌ಗೂ ಹಾಡುಗಾರರನ್ನು ಸೇರಿಸಬೇಕು. ರೆಕಾರ್ಡಿಂಗ್‌ನ ಹಕ್ಕು ಶಾಶ್ವತವಾಗಿ ಅವರದ್ದು. ರಾತ್ರಿಯೆಲ್ಲ ಯೋಚನೆ ಮಾಡಿ ಬೆಳಿಗ್ಗೆ ಬೇಡ ಅಂದೆ. ಆಮೇಲೆ ಬಹಳ ತಿಂಗಳು ಯಾರಿಂದಲೂ ಫೋನ್ ಬರಲಿಲ್ಲ.

ಅಣ್ಣ, ಅಕ್ಕ ಬಂದದ್ದು ಜುಲೈ ತಿಂಗಳಲ್ಲಿ. ಕೊಡಗಿನ ಜುಲೈ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಕರೆಂಟ್ ಇಲ್ಲ, ರಸ್ತೆಗೆ ಮರ ಬಿದ್ದಿದೆ, ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ಡೆಮೊ ಕಳಿಸು ಅಂತ ಹೇಳಿ ಸುಮ್ಮನಿರಬಹುದಿತ್ತು. ‘ಇದನ್ನು ಮಾಡಿದ ಜಾಗ ನೋಡಬೇಕು’ ಅಂತ ಹೇಳಿ ಇಬ್ಬರೂ ಬಂದರು. ಕಾಫಿ ಗೋಡೌನಿನಲ್ಲಿ ಮೂಟೆಗಳ ಮೇಲೆ ಕೂತು, ಬ್ಯಾಟರಿಯಲ್ಲಿ ಓಡುವ ಸಣ್ಣ ಆಂಪ್ಲಿಫೈಯರ್‌ನಲ್ಲಿ (ಆಂಪ್) ನಾನು ನುಡಿಸಿದ್ದನ್ನು ಕೇಳಿದರು. ಹೆಂಚಿನ ಮೇಲೆ ಮಳೆ ಎಷ್ಟು ಜೋರಿತ್ತೆಂದರೆ ಒಂದೊಂದು ಕಡೆ ನನಗೇ ನನ್ನ ಗಿಟಾರ್ ಕೇಳಿಸುತ್ತಿರಲಿಲ್ಲ. ಮುಗಿದ ಮೇಲೆ ಅಕ್ಕ ಕೇಳಿದ್ದು ಒಂದೇ: ‘ಇದಕ್ಕೆ ಹಾಡು ಬೇಕು ಅಂತ ನಿನಗೆ ಅನ್ನಿಸುತ್ತಾ?’ ಇಲ್ಲ ಅಂದೆ. ‘ಸರಿ, ಹಾಗಾದರೆ ಬೇಡ’ ಅಂದರು. ಆ ಮಾತು ಮತ್ತೆ ಯಾವತ್ತೂ ಬರಲಿಲ್ಲ.

ಕರಾರಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದನ್ನು ಓದುವವರಲ್ಲಿ ನುಡಿಸುವ ಹುಡುಗ ಹುಡುಗಿಯರು ಇದ್ದೀರಿ ಅಂತ ಗೊತ್ತು. ಅಪ್ಪನಿಗೆ ಲೇಬಲ್ ಅಂದರೆ ಭಯ. ಕಾಗದಕ್ಕೆ ಸಹಿ ಹಾಕಿ ಜಾಗ ಕಳೆದುಕೊಂಡವರನ್ನು ಅವರು ನೋಡಿದ್ದಾರೆ. ಅಣ್ಣ ನಮ್ಮ ಜಗಲಿಯಲ್ಲಿ ಕೂತು ಅವರಿಗೆ ಹೀಗೆ ವಿವರಿಸಿದರು: ‘ನೀವು ಒಳ್ಳೆಮೆಣಸು ಗುತ್ತಿಗೆ ಕೊಡ್ತೀರಲ್ಲ ಅಂಕಲ್, ಫಸಲು ಗುತ್ತಿಗೆದಾರ ಕೊಯ್ಕೊಂಡು ಹೋಗ್ತಾನೆ, ಬಳ್ಳಿ ನಿಮ್ಮದೇ ಅಲ್ವಾ? ಇದೂ ಅಷ್ಟೇ.’ ಅಪ್ಪನಿಗೆ ಅಲ್ಲೇ ಅರ್ಥವಾಯಿತು. ರೆಕಾರ್ಡಿಂಗ್‌ನ ಮಾಲೀಕ ನಾನೇ. ಅದನ್ನು ಮಾರುವ, ಹಂಚುವ ಲೈಸೆನ್ಸ್ ಕೆಲವು ವರ್ಷಗಳ ಮಟ್ಟಿಗೆ ಅವರಿಗೆ. ಅವಧಿ ಮುಗಿದರೆ ಎಲ್ಲ ನನಗೆ ವಾಪಸ್. ಅವರು ಹಾಕಿದ ಹಣವನ್ನು ನಾನು ಕೈಯಿಂದ ತೀರಿಸಬೇಕಿಲ್ಲ, ಆಲ್ಬಂನ ಆದಾಯದಿಂದಲೇ ತೀರಬೇಕು. ತೀರದಿದ್ದರೆ ನಷ್ಟ ಅವರದ್ದು. ಯಾವ ಖರ್ಚನ್ನು ಆ ಲೆಕ್ಕಕ್ಕೆ ಸೇರಿಸಬಹುದು, ಯಾವುದನ್ನು ಸೇರಿಸಬಾರದು ಅನ್ನುವುದೂ ಕಾಗದದಲ್ಲಿತ್ತು. ಸಹಿ ಹಾಕುವ ಮುಂಚೆ ಬೇರೆ ವಕೀಲರಿಗೆ ತೋರಿಸು ಅಂತ ಅವರೇ ಹೇಳಿದರು. ತೋರಿಸಿದೆ. ವಕೀಲರು ಒಂದೇ ಒಂದು ಸಾಲು ಬದಲಾಯಿಸಿದರು, ಅದಕ್ಕೂ ಒಪ್ಪಿದರು.

ಇನ್ನೊಂದು ಉಪಕಾರ ನನಗೆ ಅರ್ಥವಾಗಿದ್ದು ತಡವಾಗಿ. ಒಂದು ಟ್ಯೂನ್ ಕಟ್ಟಿದವನ ಹಕ್ಕು ಬೇರೆ, ಆ ಟ್ಯೂನಿನ ರೆಕಾರ್ಡಿಂಗ್‌ನ ಹಕ್ಕು ಬೇರೆ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಸಂಗೀತ ಕಟ್ಟಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ರಾಯಲ್ಟಿ ವಸೂಲಿ ಮಾಡುವ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಆ ಕೆಲಸ ಮಾಡುವ ಐಪಿಆರ್‌ಎಸ್ 1969ರಿಂದ ಇದೆ. ಇಷ್ಟು ವರ್ಷ ನುಡಿಸಿದರೂ ನನಗೆ ಇದರ ಬಗ್ಗೆ ಯಾರೂ ಹೇಳಿರಲಿಲ್ಲ. ಅಕ್ಕನೇ ಅರ್ಜಿ ತುಂಬಿಸಿದರು, ನಾನು ಕಟ್ಟಿದ ಒಂದೊಂದು ಟ್ಯೂನನ್ನೂ ನನ್ನ ಹೆಸರಿನಲ್ಲಿ ನೋಂದಾಯಿಸಿದರು. ಇದರಿಂದ ಲೇಬಲ್‌ಗೆ ಒಂದು ರೂಪಾಯಿ ಲಾಭ ಇಲ್ಲ. ನುಡಿಸುವ ಗೆಳೆಯರೇ, ನೀವು ಸ್ವಂತ ಸಂಗೀತ ಕಟ್ಟುವವರಾದರೆ ಇದನ್ನು ದಯವಿಟ್ಟು ಮುಂದೂಡಬೇಡಿ.

ರೆಕಾರ್ಡಿಂಗ್ ಮಾಡಿದ್ದು ಹೆಚ್ಚಾಗಿ ಅದೇ ಗೋಡೌನಿನಲ್ಲಿ. ಮಳೆಗಾಲದಲ್ಲಿ ಗಿಟಾರ್ ಕಾಪಾಡುವುದೇ ಒಂದು ಕೆಲಸ. ತೇವಕ್ಕೆ ಮರ ಉಬ್ಬುತ್ತದೆ, ನೆಕ್ (ಗಿಟಾರಿನ ಕುತ್ತಿಗೆ) ಬಾಗುತ್ತದೆ, ಹೊಸ ತಂತಿಗೂ ಬೇಗ ತುಕ್ಕು. ಮಳೆಯ ಸದ್ದಿನಲ್ಲಿ ಸ್ಪೀಕರ್ ಮುಂದೆ ಮೈಕ್ ಇಡುವ ಹಾಗೇ ಇಲ್ಲ. ದಾರಿ ತೋರಿಸಿದವರು ಲೇಬಲ್‌ನವರು ಗೊತ್ತು ಮಾಡಿದ ಸೌಂಡ್ ಎಂಜಿನಿಯರ್. ಗಿಟಾರ್‌ನಿಂದ ಬರುವ ಸಿಗ್ನಲ್ಲನ್ನು ಆಂಪ್ ಇಲ್ಲದೆ ನೇರವಾಗಿ ಕಂಪ್ಯೂಟರಿಗೆ ತುಂಬಿಸಿಕೊಳ್ಳುವುದು. ಆಮೇಲೆ ಬೆಂಗಳೂರಿನ ಸ್ಟುಡಿಯೋದಲ್ಲಿ ಅದನ್ನೇ ವಾಲ್ವ್ ಆಂಪ್‌ಗೆ ಕೊಟ್ಟು, ಸ್ಪೀಕರ್ ಮುಂದೆ ಮೈಕ್ ಇಟ್ಟು ಮತ್ತೆ ರೆಕಾರ್ಡ್ ಮಾಡುವುದು. ರೀಆಂಪಿಂಗ್ ಅಂತಾರೆ. ಬೆರಳು ನಾಪೋಕ್ಲಿನದ್ದು, ಆಂಪ್ ಬೆಂಗಳೂರಿನದ್ದು. ಆದರೆ ಫೀಡ್‌ಬ್ಯಾಕ್, ಅಂದರೆ ಆಂಪ್‌ನ ಸದ್ದಿಗೆ ತಂತಿ ತಾನೇ ಕಂಪಿಸಿ ಎಳೆಯುವ ಸ್ವರ, ಹೀಗೆ ಬರುವುದಿಲ್ಲ. ಅದಕ್ಕೆ ಗಿಟಾರು ಮತ್ತು ಜೋರಾದ ಆಂಪ್ ಒಂದೇ ಕೋಣೆಯಲ್ಲಿ ಎದುರೆದುರು ಇರಬೇಕು. ಅಂಥ ಭಾಗಗಳಿಗೆ ನನ್ನನ್ನು ಕರೆಸಿಕೊಂಡು, ಸ್ಟುಡಿಯೋ ಬಾಡಿಗೆ, ಬಸ್ ಚಾರ್ಜು, ಊಟ ಎಲ್ಲ ನೋಡಿಕೊಂಡರು.

ಅಷ್ಟು ದೊಡ್ಡ ಫೈಲ್‌ಗಳು ನಮ್ಮೂರ ನೆಟ್‌ವರ್ಕ್‌ನಲ್ಲಿ ಹೋಗುವುದಿಲ್ಲ. ರೈಲು ಇಲ್ಲದ ಜಿಲ್ಲೆ ನಮ್ಮದು. ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಡಿಕೇರಿಗೆ ಹೋಗಿ ಬಸ್ಸಿಗೆ ಪಾರ್ಸೆಲ್ ಹಾಕುತ್ತಿದ್ದೆ. ಅಣ್ಣ ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ತೆಗೆದುಕೊಳ್ಳುತ್ತಿದ್ದರು. ಪಾರ್ಸೆಲ್ ಕೌಂಟರಿನವರಿಗೂ, ಅದನ್ನು ಜೋಪಾನವಾಗಿ ತಲುಪಿಸಿದ ಡ್ರೈವರ್, ಕಂಡಕ್ಟರ್‌ಗಳಿಗೂ ನನ್ನ ನಮಸ್ಕಾರ.

ನಡುವೆ ಅರೇಬಿಕಾ ಕೊಯ್ಲು ಬಂತು, ಅದರ ಬೆನ್ನಿಗೆ ರೋಬಸ್ಟಾ. ಆಳುಗಳು ಸಿಗದ ವರ್ಷ. ಗಿಟಾರ್ ಮುಟ್ಟಲು ಆಗಲಿಲ್ಲ. ಒಪ್ಪಿಕೊಂಡ ತಾರೀಖು ದಾಟಿಹೋಯಿತು. ಫೋನ್ ಮಾಡಿದಾಗ ಅಕ್ಕ ಹೇಳಿದ್ದು, ‘ಕಾಫಿ ಕಾಯಲ್ಲ, ಆಲ್ಬಂ ಕಾಯುತ್ತೆ. ಕೊಯ್ಲು ಮುಗಿಸು.’ ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟ ಬಿಳಿ ಆದಾಗ ಮತ್ತೆ ಕೂತೆ. ಆಲ್ಬಂನಲ್ಲಿ ನನಗೆ ತುಂಬಾ ಇಷ್ಟವಾದ ಎರಡು ಟ್ಯೂನ್ ಹುಟ್ಟಿದ್ದು ಆ ದಿನಗಳಲ್ಲಿ. ಅವಸರ ಮಾಡಿದ್ದರೆ ಅವು ಇರುತ್ತಲೇ ಇರಲಿಲ್ಲ.

ಈಗ ದುಡಿಯ ವಿಷಯ. ದುಡಿ ಅಂದರೆ ನಮ್ಮ ಕೊಡಗಿನ ಸಣ್ಣ ಚರ್ಮವಾದ್ಯ. ಎಲ್ಲಕ್ಕಿಂತ ಜಾಸ್ತಿ ಋಣ ಇದಕ್ಕೇ ಅಂತ ನನ್ನ ಭಾವನೆ.

ಪುತ್ತರಿ ಸುಗ್ಗಿ ಹಬ್ಬದಲ್ಲಿ ದುಡಿ ಬಾರಿಸುತ್ತಾ ಮನೆಮನೆಗೆ ಬಂದು ಹಾಡುವುದನ್ನು ಕೇಳಿಕೊಂಡೇ ಬೆಳೆದವನು ನಾನು. ನಾಲ್ವರು ನಿಂತು ಇಬ್ಬಿಬ್ಬರಾಗಿ ಸಾಲು ಎತ್ತಿಕೊಳ್ಳುವ ಆ ಓಟ ನನ್ನ ಗಿಟಾರಿನೊಳಗೆ ಯಾವಾಗಲೋ ಸೇರಿಕೊಂಡಿದೆ. ಒಂದು ಟ್ಯೂನಿಗೆ ನಮ್ಮೂರ ಇಬ್ಬರು ಹಿರಿಯರು ದುಡಿ ಬಾರಿಸಿದರು. ಅವರು ದುಡ್ಡು ಕೇಳಲಿಲ್ಲ. ‘ನಮ್ಮ ಹುಡುಗ, ದುಡ್ಡು ಯಾಕೆ?’ ಅಂದರು. ಕೇಳಲಿಲ್ಲ ಅಂತ ಲೇಬಲ್ ಸುಮ್ಮನಾಗಲಿಲ್ಲ. ಬೆಂಗಳೂರಿನ ಡ್ರಮ್ಮರ್‌ಗೆ ಒಂದು ಟ್ಯೂನಿಗೆ ಎಷ್ಟು ಕೊಟ್ಟರೋ ಅಷ್ಟೇ ಒಬ್ಬೊಬ್ಬ ಹಿರಿಯರಿಗೂ ಕೊಟ್ಟರು. ಅವರ ಹೆಸರುಗಳು ಕವರಿನ ಮೇಲೆ ನನ್ನ ಹೆಸರಿನ ಅಕ್ಷರದಷ್ಟೇ ದೊಡ್ಡದಾಗಿ ಇವೆ.

ಅಷ್ಟೇ ಅಲ್ಲ. ಆ ಟ್ಯೂನಿನ ಮೂಲ ಧಾಟಿ ಹಳೆಯದು, ಊರಿನದು. ಅದನ್ನು ನಾನು ಕಟ್ಟಿದ್ದು ಅಂತ ನೋಂದಾಯಿಸಬಾರದು ಎಂದು ಅಕ್ಕ ಶುರುವಿನಲ್ಲೇ ಹೇಳಿದರು. ಕವರಿನಲ್ಲಿ ‘ಕೊಡಗಿನ ಸಾಂಪ್ರದಾಯಿಕ ಧಾಟಿ’ ಎಂದು ಬರೆದು, ಗಿಟಾರಿಗೆ ಹೊಂದಿಸಿದ್ದು ಮಾತ್ರ ನನ್ನದು ಅಂತ ಹಾಕಿದರು. ಕೇಳುವವರಲ್ಲಿ ಎಷ್ಟು ಜನ ಆ ಸಣ್ಣ ಸಾಲು ಓದುತ್ತಾರೋ ಗೊತ್ತಿಲ್ಲ. ನಮ್ಮೂರಲ್ಲಿ ಓದಿದ್ದಾರೆ. ಹಿರಿಯರಲ್ಲಿ ಒಬ್ಬರು ಆ ಕವರಿಗೆ ಕಟ್ಟು ಹಾಕಿಸಿ ಮನೆಯ ಗೋಡೆಯಲ್ಲಿ ತೂಗುಹಾಕಿದ್ದಾರೆ.

ಎಲ್‌ಪಿ, ಅಂದರೆ ಸೂಜಿ ಇಟ್ಟು ಕೇಳುವ ದೊಡ್ಡ ತಟ್ಟೆ, ಮಾಡುವ ಆಸೆ ಅಣ್ಣನದ್ದು. ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಇದ್ದರೆ ಧ್ವನಿ ಚೆನ್ನಾಗಿರುತ್ತದೆ. ನನ್ನ ದುಡಿಯ ಟ್ಯೂನ್ ತುಂಬಾ ಉದ್ದ. ಕತ್ತರಿಸು ಅಂತಾರೆ ಅಂದುಕೊಂಡಿದ್ದೆ. ಬದಲಿಗೆ ಅದನ್ನು ಎರಡನೇ ಬದಿಯ ಮೊದಲಿಗೆ ಇಟ್ಟರು. ಹೊರಸುತ್ತಿನಲ್ಲಿ ಸೂಜಿಯ ಕೆಳಗೆ ತಟ್ಟೆ ವೇಗವಾಗಿ ಓಡುತ್ತದೆ, ಸದ್ದು ಸ್ವಚ್ಛವಾಗಿ ಬರುತ್ತದೆ, ಒಳಸುತ್ತಿಗೆ ಹೋದಂತೆ ಮಂಕಾಗುತ್ತದೆ. ‘ದುಡಿಗೆ ಒಳ್ಳೇ ಜಾಗ ಕೊಡೋಣ’ ಅಂದರು. ಬೇರೆ ಎರಡು ಟ್ಯೂನನ್ನು ಎಲ್‌ಪಿಯಿಂದ ಬಿಟ್ಟೆವು. ಅವು ಆನ್‌ಲೈನ್‌ನಲ್ಲಿ ಇವೆ.

ಇನ್ನೂ ಕೆಲವರಿಗೆ ಹೇಳಲೇಬೇಕು. ನಾನು ನುಡಿಸುವ ಹೊತ್ತಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನಿಲ್ಲಿಸಿ ಕಾಯುತ್ತಿದ್ದ ನಮ್ಮ ತೋಟದ ಕೆಲಸದವರಿಗೆ. ಜನರೇಟರ್ ಕೊಟ್ಟ ಪಕ್ಕದ ತೋಟದವರಿಗೆ. ಬಾಗಿದ ನೆಕ್ ಸರಿಮಾಡಿ ಒಂದು ಸಲವೂ ಪೂರ್ತಿ ದುಡ್ಡು ತೆಗೆದುಕೊಳ್ಳದ ಮೈಸೂರಿನ ರಿಪೇರಿಯವರಿಗೆ. ಬ್ಯಾಂಡ್ ಒಡೆದರೂ ಸ್ನೇಹ ಬಿಡದೆ ಬಂದು ಬೇಸ್ ಗಿಟಾರ್ ನುಡಿಸಿದ ಗೆಳೆಯನಿಗೆ. ಅರ್ಧರಾತ್ರಿಯಲ್ಲೂ ಗೋಡೌನಿಗೆ ಬಿಸಿ ಕಾಫಿ ತಂದಿಟ್ಟು ಮಾತಾಡದೆ ಹೋಗುತ್ತಿದ್ದ ಅಮ್ಮನಿಗೆ. ಸಹಿ ಹಾಕುವಾಗ ತಮ್ಮ ಪೆನ್ ಕೊಟ್ಟ ಅಪ್ಪನಿಗೆ.

ಮತ್ತು ಕೇಳಿದ ನಿಮಗೆ. ಹಾಡಿಲ್ಲದ ಆಲ್ಬಂ, ದೊಡ್ಡ ಜಾಹೀರಾತು ಇಲ್ಲ. ನೀವು ಕೇಳಿ ಇನ್ನೊಬ್ಬರಿಗೆ ಹೇಳಿದಿರಿ. ದುಬೈಯಲ್ಲಿ ಕೆಲಸ ಮಾಡುವ ನಮ್ಮ ಜಿಲ್ಲೆಯವರೊಬ್ಬರು ಎಲ್‌ಪಿ ತರಿಸಿಕೊಂಡು, ದುಡಿ ಶುರುವಾದಾಗ ಎದ್ದು ನಿಂತೆ ಅಂತ ಬರೆದಿದ್ದರು. ಆ ಪತ್ರವನ್ನು ಹಿರಿಯರಿಗೆ ಓದಿ ಹೇಳಿದೆ. ಅಣ್ಣ ಅಕ್ಕನಿಗೂ ಕಳಿಸಿದೆ. ಅವರು ಹಾಕಿದ ಹಣ ವಾಪಸ್ ಬಂದದ್ದು ನಿಮ್ಮಿಂದ.

ಅಣ್ಣ, ಅಕ್ಕ, ನೀವು ನನಗೆ ಕೊಟ್ಟದ್ದರಲ್ಲಿ ದುಡ್ಡು ಸಣ್ಣ ಪಾಲು. ನನ್ನ ಸಂಗೀತವನ್ನು ಬೇರೆ ಏನೋ ಮಾಡಲು ನೀವು ಹೋಗಲಿಲ್ಲ. ಕಾದಿರಿ. ಲೆಕ್ಕವನ್ನು ಪ್ರತಿ ಆರು ತಿಂಗಳಿಗೆ ಕೇಳದೇ ಕಳಿಸಿದಿರಿ, ಬರೀ ಸೊನ್ನೆ ಇದ್ದಾಗಲೂ ಕಳಿಸಿದಿರಿ. ನಿಮ್ಮ ಹಣ ವಾಪಸ್ ಬಂದಿದೆ ಅನ್ನುವುದು ನನಗೆ ನನ್ನ ಪಾಲು ಬರುವುದಕ್ಕಿಂತ ದೊಡ್ಡ ನೆಮ್ಮದಿ.

ಎರಡನೇ ಆಲ್ಬಂನ ಕರಾರಿಗೆ ನಿನ್ನೆ ಸಹಿ ಹಾಕಿದೆ. ಅದೇ ಷರತ್ತುಗಳು. ಈ ಸಲ ದುಡಿಯವರ ಫೀಸು ಎಷ್ಟು ಅನ್ನುವುದನ್ನು ಕರಾರಿನಲ್ಲೇ ಬರೆದಿದ್ದಾರೆ. ರೋಬಸ್ಟಾ ಕೊಯ್ಲು ಮುಗಿದ ಮೇಲೆ ರೆಕಾರ್ಡಿಂಗ್ ಶುರು.