ಸ್ಕಾಟರನ್ನು ಇಂಗ್ಲಿಷರು ಎನ್ನಬೇಡಿ

ಮಾನ್ಯ ಸಂಪಾದಕರೇ,

ಬ್ರಿಟಿಷರೆಲ್ಲರನ್ನೂ ನಾವು ಸುಮ್ನೆ ‘ಇಂಗ್ಲಿಷರು’ ಎಂದು ಬರೆದುಬಿಡುತ್ತೇವೆ. ಸ್ಕಾಟ್ಲೆಂಡಿನವರಿಗೆ ಇದು ನೋಯುವ ಮಾತು. ಯಾಕೆ ಅನ್ನೋದಕ್ಕೆ ಒಂದು ಕಲ್ಲಿನ ಕಥೆ ಸಾಕು.

ಸ್ಕಾಟರು ತಮ್ಮ ರಾಜರಿಗೆ ಪಟ್ಟ ಕಟ್ಟುತ್ತಿದ್ದದ್ದು ಒಂದು ಮರಳುಗಲ್ಲಿನ ಮೇಲೆ. ನೋಡಲು ಏನೂ ಇಲ್ಲ, ಎರಡು ತುದಿಗೆ ಕಬ್ಬಿಣದ ಬಳೆ ಹಾಕಿದ ದಿಂಡುಗಲ್ಲು ಅಷ್ಟೇ. 1296ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಅದನ್ನು ಹೊತ್ತೊಯ್ದ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಚರ್ಚಿನಲ್ಲಿ ಪಟ್ಟದ ಕುರ್ಚಿಯ ಅಡಿಗೆ ಸೇರಿಸಿದರು. 1950ರ ಕ್ರಿಸ್‌ಮಸ್ ದಿನ ನಾಲ್ವರು ಸ್ಕಾಟಿಷ್ ವಿದ್ಯಾರ್ಥಿಗಳು ಅದನ್ನು ಎಳೆದು ತೆಗೆದಾಗ ಎರಡು ತುಂಡಾಯಿತು. ಕಲ್ಲು ಸ್ಕಾಟ್ಲೆಂಡಿಗೆ ಅಧಿಕೃತವಾಗಿ ಮರಳಿದ್ದು 1996ರಲ್ಲಿ, ಸರಿಯಾಗಿ 700 ವರ್ಷದ ಮೇಲೆ!

1603ರಲ್ಲಿ ಸ್ಕಾಟರ ರಾಜ ಆರನೇ ಜೇಮ್ಸನೇ ಇಂಗ್ಲೆಂಡಿನ ಗದ್ದುಗೆಯನ್ನೂ ಏರಿದ. 1707ರಲ್ಲಿ ಸಂಸತ್ತುಗಳು ಒಂದಾದವು. ಆದರೂ ಸ್ಕಾಟರ ಕಾನೂನು ಬೇರೆ, ಚರ್ಚ್ ಬೇರೆಯಾಗಿಯೇ ಉಳಿಯಿತು. ಬ್ರಿಟಿಷ್ ಸರ್ಕಾರದ ವಿರುದ್ಧದ ದಂಗೆಯನ್ನು ಹತ್ತಿಕ್ಕಿದ 1746ರ ಕಲೋಡನ್ ಯುದ್ಧದ ನಂತರ ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೆಯಾದ ಹೈಲ್ಯಾಂಡಿನ ಗಂಡಸರು ತಮ್ಮ ಚೌಕಳಿ ಬಟ್ಟೆ ಉಡುವುದೂ ಅಪರಾಧವಾಯಿತು. ಆ ಕಾನೂನು ಹೋಗಿದ್ದು 1782ರಲ್ಲಿ. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂದು ಕೇಳಿದ 2014ರ ಜನಮತದಲ್ಲಿ ಶೇ 55ರಷ್ಟು ಜನ ಒಟ್ಟಿಗಿರೋಣ ಎಂದರು, ನಿಜ. ಆದರೆ ಶೇ 45 ಸಣ್ಣ ಪಾಲೇನಲ್ಲ, ಅಲ್ವಾ?

ಹಾಗೆಂದು ಸ್ಕಾಟರು ಬರೀ ನೊಂದವರಲ್ಲ. ಸಾಮ್ರಾಜ್ಯ ಕಟ್ಟುವುದರಲ್ಲಿ ಅವರೂ ಪಾಲುದಾರರು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದ ಡೇವಿಡ್ ಬೇರ್ಡ್, ಆಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಇಬ್ಬರೂ ಸ್ಕಾಟರೇ. ನಮ್ಮ ಶಾಲಾ ಪಾಠಗಳಲ್ಲಾದರೂ ಇದನ್ನು ಸರಿಯಾಗಿ ಬರೆಯಲಿ.

– ಓದುಗ, ಮೈಸೂರು